ಕಾಲುವೆಯ ಎರಡು ದಡಗಳ ರಾಜ್ಯ: ಕರೌಸಿಯಸ್‌ನ ಬ್ರಿಟನ್, ಕ್ರಿ.ಶ. ೨೮೬–೨೯೬

ಕ್ರಿ.ಶ. ೨೮೬ರ ಕೊನೆಯಲ್ಲೋ ೨೮೭ರ ಮೊದಲಲ್ಲೋ, ಇಂಗ್ಲಿಷ್ ಕಾಲುವೆಯ ಕಾವಲಿಗಿದ್ದ ರೋಮನ್ ನೌಕಾಪಡೆಯ ದಂಡನಾಯಕನೊಬ್ಬ, ತನ್ನನ್ನು ಕೊಲ್ಲಲು ಚಕ್ರವರ್ತಿಯಿಂದ ಆಜ್ಞೆ ಹೊರಟಿದೆಯೆಂದು ತಿಳಿದು, ಬ್ರಿಟನ್ನನ್ನು ವಶಪಡಿಸಿಕೊಂಡು ತಾನೇ ಚಕ್ರವರ್ತಿಯೆಂದು ಸಾರಿಕೊಂಡ. ಅವನ ಹೆಸರು ಮಾರ್ಕಸ್ ಔರೇಲಿಯಸ್ ಮೌಸಯಸ್ ಕರೌಸಿಯಸ್. ಏಳು ವರ್ಷ ಅವನು ಆಳಿದ. ಅವನನ್ನು ಕೊಂದ ಅಲ್ಲೆಕ್ಟಸ್ ಮತ್ತೆ ಮೂರು ವರ್ಷ ಆಳಿದ. ಅಲ್ಲಿಗೆ ಆ ರಾಜ್ಯ ಮುಗಿಯಿತು. ಇದನ್ನು ಬ್ರಿಟನ್ನಿನ ಮೊದಲ ಸ್ವಾತಂತ್ರ್ಯವೆಂದು ಕೊಂಡಾಡಿದವರು ಉಂಟು, ಕಡಲ್ಗಳ್ಳನೊಬ್ಬನ ಪುಂಡಾಟವೆಂದು ತಳ್ಳಿಹಾಕಿದವರೂ ಉಂಟು. ಎರಡೂ ಮಾತು ಸಾಕ್ಷ್ಯಕ್ಕೆ ಹೊಂದುವುದಿಲ್ಲವೆಂಬುದು ನನ್ನ ಅಭಿಪ್ರಾಯ. ಕರೌಸಿಯಸ್ ಬಯಸಿದ್ದು ರೋಮ್‌ನ ಆಳ್ವಿಕೆಯಲ್ಲಿ ತನಗೊಂದು ಪಾಲನ್ನು. ಅವನ ಬಲವೆಲ್ಲ ಕಾಲುವೆಯ ಎರಡೂ ದಡಗಳ ಮೇಲೆ ಅವನಿಗಿದ್ದ ಹಿಡಿತದಿಂದ ಬಂದದ್ದು, ಆ ಹಿಡಿತದಲ್ಲಿ ಒಂದು ದಡ ಕೈತಪ್ಪಿದ ವರ್ಷವೇ ಅವನ ಪ್ರಾಣವೂ ಹೋಯಿತು.

ಒಡೆದುಹೋಗುವುದು ಆ ಶತಮಾನದಲ್ಲಿ ಹೊಸ ಸಂಗತಿಯೇನೂ ಆಗಿರಲಿಲ್ಲ. ೨೬೦ರಲ್ಲಿ ಚಕ್ರವರ್ತಿ ವಲೇರಿಯನ್ ಪರ್ಷಿಯದ ದೊರೆಯ ಸೆರೆಯಾದಾಗ ಪಶ್ಚಿಮದಲ್ಲಿ ಪೋಸ್ಟುಮಸ್ ಎಂಬ ದಂಡನಾಯಕ ಗಾಲ್ (ಇಂದಿನ ಫ್ರಾನ್ಸ್ ಮತ್ತು ಅದರ ಸುತ್ತಲಿನ ನಾಡು), ಸ್ಪೇನ್, ಬ್ರಿಟನ್‌ಗಳನ್ನು ಸೇರಿಸಿ ಪ್ರತ್ಯೇಕ ಸಾಮ್ರಾಜ್ಯವೊಂದನ್ನು ಕಟ್ಟಿದ್ದ. ಪೂರ್ವದಲ್ಲಿ ಪಾಲ್ಮೈರದ ರಾಣಿ ಜೆನೋಬಿಯ ಸಿರಿಯದಿಂದ ಈಜಿಪ್ಟಿನವರೆಗೆ ಕೈ ಚಾಚಿದ್ದಳು. ಔರೇಲಿಯನ್ ಚಕ್ರವರ್ತಿ ೨೭೨ರಲ್ಲಿ ಪೂರ್ವವನ್ನೂ ೨೭೪ರಲ್ಲಿ ಪಶ್ಚಿಮವನ್ನೂ ಮರಳಿ ಗೆದ್ದ. ಆದ್ದರಿಂದ ಕರೌಸಿಯಸ್ ಎದ್ದುನಿಂತಾಗ ಗಾಲ್‌ನಲ್ಲಿಯೂ ಬ್ರಿಟನ್ನಿನಲ್ಲಿಯೂ ನಡುವಯಸ್ಸು ದಾಟಿದವರಿಗೆಲ್ಲ ಪ್ರತ್ಯೇಕ ಚಕ್ರವರ್ತಿಯೊಬ್ಬನ ಕೆಳಗೆ ಬಾಳಿದ ನೆನಪು ಹಸಿಯಾಗಿತ್ತು. ಆ ಚಕ್ರವರ್ತಿ ತಮ್ಮ ಗಡಿಯನ್ನು ಕಾಯುತ್ತಿದ್ದನೆಂಬುದೂ ಅವರಿಗೆ ನೆನಪಿದ್ದಿರಬೇಕು.

ಚುಕ್ಕಾಣಿ ಹಿಡಿದವನು

ಕರೌಸಿಯಸ್ ಮೆನಾಪಿ ಜನಾಂಗದವನು. ಇಂದಿನ ಬೆಲ್ಜಿಯಮ್ಮಿನ ಕರಾವಳಿ ಆ ಜನರ ನೆಲೆ. ಅವನ ಹುಟ್ಟು ತೀರ ಸಾಮಾನ್ಯವಾದದ್ದೆಂದು ಯುಟ್ರೋಪಿಯಸ್ ಹೇಳುತ್ತಾನೆ. ಹರೆಯದಲ್ಲಿ ಕೂಲಿಗಾಗಿ ಹಡಗಿನ ಚುಕ್ಕಾಣಿ ಹಿಡಿಯುತ್ತಿದ್ದನೆಂದು ಔರೇಲಿಯಸ್ ವಿಕ್ಟರ್ ಬರೆಯುತ್ತಾನೆ. ಇಬ್ಬರೂ ನಾಲ್ಕನೆಯ ಶತಮಾನದ ಇತಿಹಾಸಕಾರರು, ಘಟನೆಗಳು ನಡೆದು ಸುಮಾರು ಎರಡು ತಲೆಮಾರು ಕಳೆದ ಮೇಲೆ ಬರೆದವರು. ಡಯೋಕ್ಲೀಷಿಯನ್ ೨೮೪ರ ನವೆಂಬರಿನಲ್ಲಿ ಪಟ್ಟಕ್ಕೆ ಬಂದು, ತನ್ನ ಒಡನಾಡಿ ಮ್ಯಾಕ್ಸಿಮಿಯನ್‌ಗೆ ಪಶ್ಚಿಮದ ಹೊಣೆ ವಹಿಸಿದಾಗ, ಗಾಲ್‌ನಲ್ಲಿ ಬಗೌಡೇ ಎಂದು ಕರೆಸಿಕೊಂಡ ಬಂಡುಕೋರ ರೈತರ ಗುಂಪುಗಳು ಎದ್ದಿದ್ದವು. ಅವರನ್ನು ಅಡಗಿಸಿದ ದಂಡಯಾತ್ರೆಯಲ್ಲಿ ಕರೌಸಿಯಸ್ ಹೆಸರು ಮಾಡಿದ. ಕಡಲನ್ನು ಬಲ್ಲವನಾದ್ದರಿಂದ ಅವನಿಗೆ ಮುಂದಿನ ಕೆಲಸ ಗೊತ್ತಾಯಿತು: ಇಂದು ಬುಲೋನ್ ಎನಿಸಿಕೊಂಡಿರುವ ಬೊನೋನಿಯ ಬಂದರಿನಲ್ಲಿ ನೌಕಾಪಡೆಯನ್ನು ಸಜ್ಜುಗೊಳಿಸಿ, ಉತ್ತರ ಗಾಲ್‌ನ ಕರಾವಳಿಯನ್ನು ಸುಲಿಯುತ್ತಿದ್ದ ಫ್ರಾಂಕ್ ಮತ್ತು ಸ್ಯಾಕ್ಸನ್ ಕಡಲ್ಗಳ್ಳರನ್ನು ಹತ್ತಿಕ್ಕುವುದು.

ಈ ಕೆಲಸವನ್ನು ಅವನು ಚೆನ್ನಾಗಿಯೇ ಮಾಡಿದ. ಆಪಾದನೆ ಹುಟ್ಟಿದ್ದು ಅಲ್ಲಿಂದಲೇ. ಕಳ್ಳರು ಲೂಟಿಗೆ ಹೋಗುವಾಗ ತಡೆಯದೆ, ಲೂಟಿಯ ಮಾಲಿನೊಡನೆ ಹಿಂದಿರುಗುವಾಗ ಅಡ್ಡಗಟ್ಟಿ, ಸಿಕ್ಕಿದ್ದನ್ನು ಕಳೆದುಕೊಂಡ ಜನರಿಗೂ ಪೂರ್ತಿ ಕೊಡದೆ ಚಕ್ರವರ್ತಿಗಳ ಬೊಕ್ಕಸಕ್ಕೂ ಕಳಿಸದೆ ತಾನೇ ಇಟ್ಟುಕೊಳ್ಳುತ್ತಿದ್ದಾನೆಂಬ ಶಂಕೆ ಹಬ್ಬಿತು. ಮ್ಯಾಕ್ಸಿಮಿಯನ್ ಅವನನ್ನು ಕೊಲ್ಲಲು ಆಜ್ಞೆ ಮಾಡಿದ. ಆಪಾದನೆ ನಿಜವಿರಬಹುದು. ಆದರೆ ಕಡಲ ಕಾವಲಿನ ಕಷ್ಟ ಬಲ್ಲವರಿಗೆ ಇನ್ನೊಂದು ಸಾಧ್ಯತೆಯೂ ಹೊಳೆಯುತ್ತದೆ. ನೂರಾರು ಮೈಲಿಯ ತೆರೆದ ಕರಾವಳಿಗೆ ಚಿಕ್ಕ ವೇಗದ ದೋಣಿಗಳಲ್ಲಿ ಬರುವವರನ್ನು ಎಲ್ಲಿ ಇಳಿಯುತ್ತಾರೆಂದು ಮುಂಚೆಯೇ ತಿಳಿಯುವುದು ಅಸಾಧ್ಯ. ಭಾರ ಹೇರಿಕೊಂಡು ನಿಧಾನವಾಗಿ ಮರಳುವಾಗ, ಕಾಲುವೆಯ ಕಿರಿದಾದ ಭಾಗದಲ್ಲಿ, ಅವರು ಕೈಗೆ ಸಿಗುತ್ತಾರೆ. ಯುದ್ಧತಂತ್ರವೇ ಅಪರಾಧದಂತೆ ಕಾಣಿಸಿರಬಹುದು. ಏನೇ ಇರಲಿ, ಲೂಟಿಯ ಹಣ ಅವನ ಬಳಿ ಇತ್ತು, ನಾವಿಕರು ಅವನ ಮಾತು ಕೇಳುತ್ತಿದ್ದರು, ಮತ್ತು ಶರಣಾಗುವುದೆಂದರೆ ಸಾಯುವುದಾಗಿತ್ತು.

ಅವನ ಕೈಗೆ ಏನೇನು ಬಂತೆಂಬುದನ್ನು ಅವನ ಶತ್ರುಗಳ ಬಾಯಿಂದಲೇ ಕೇಳಬಹುದು. ೨೯೭ರ ಸುಮಾರಿಗೆ, ಈ ರಾಜ್ಯವನ್ನು ಕೊನೆಗೆ ಗೆದ್ದ ರೋಮನ್ ಆಳರಸ ಕಾನ್‌ಸ್ಟಾಂಟಿಯಸ್‌ನ ಎದುರು ಗಾಲ್‌ನ ವಾಗ್ಮಿಯೊಬ್ಬ ಮಾಡಿದ ಸ್ತುತಿಭಾಷಣ ಉಳಿದುಬಂದಿದೆ. ಹೊಗಳಿಕೆಗೆಂದೇ ಹುಟ್ಟಿದ ಬರಹವಾದರೂ ಅದರೊಳಗೆ ಲೆಕ್ಕದ ಮಾತುಗಳಿವೆ: ಗಾಲ್ ಕಾಯಲು ಇದ್ದ ನೌಕಾಪಡೆ ಓಡಿಹೋದವನ ಪಾಲಾಯಿತು, ರೋಮನ್ ಮಾದರಿಯಲ್ಲಿ ಇನ್ನೂ ಅನೇಕ ಹಡಗುಗಳು ಕಟ್ಟಲ್ಪಟ್ಟವು, ಒಂದು ರೋಮನ್ ಲೀಜನ್ (ಸಾವಿರಾರು ಸೈನಿಕರ ದಳ) ವಶವಾಯಿತು, ಗಾಲ್‌ನ ವರ್ತಕರನ್ನು ಸೈನ್ಯಕ್ಕೆ ಸೇರಿಸಿಕೊಳ್ಳಲಾಯಿತು, ಲೂಟಿಯ ಆಸೆ ತೋರಿಸಿ ಫ್ರಾಂಕರನ್ನು ಒಲಿಸಿಕೊಂಡು ಅವರಿಗೆ ಹಡಗು ನಡೆಸುವುದನ್ನು ಕಲಿಸಲಾಯಿತು. ಕರೌಸಿಯಸ್ ಮುದ್ರಿಸಿದ ನಾಣ್ಯಗಳಲ್ಲಿಯೂ ಲೀಜನ್ನುಗಳ ಹೆಸರು ಸಾಲಾಗಿ ಬರುತ್ತದೆ. ಬ್ರಿಟನ್ನಿನಲ್ಲಿದ್ದ ಎರಡನೆಯ ಅಗಸ್ಟ, ಇಪ್ಪತ್ತನೆಯ ವಲೇರಿಯ ವಿಕ್ಟ್ರಿಕ್ಸ್‌ಗಳ ಜೊತೆಗೆ ರೈನ್ ನದಿಯ ಗಡಿಯಲ್ಲಿ ನೆಲೆಸಿದ್ದ ಹಲವು ಲೀಜನ್ನುಗಳ ಹೆಸರೂ ಅಲ್ಲಿವೆ. ಆ ಲೀಜನ್ನುಗಳ ತುಕಡಿಗಳು ಅವನ ಕಡೆ ಇದ್ದವೋ, ಅವರನ್ನು ತನ್ನೆಡೆಗೆ ಸೆಳೆಯಲು ಈ ನಾಣ್ಯಗಳೋ ಎಂಬುದರ ಬಗ್ಗೆ ವಿದ್ವಾಂಸರಲ್ಲಿ ಒಮ್ಮತವಿಲ್ಲ. ಎರಡರಲ್ಲಿ ಯಾವುದಾದರೂ, ಅವನ ಕಣ್ಣು ದ್ವೀಪದಾಚೆಗೂ ಇತ್ತೆಂಬುದು ಮಾತ್ರ ಸ್ಪಷ್ಟ.

ಮ್ಯಾಕ್ಸಿಮಿಯನ್ ಸುಮ್ಮನೆ ಕೂರಲಿಲ್ಲ. ೨೮೯ರ ಏಪ್ರಿಲಿನಲ್ಲಿ ಅವನ ಮುಂದೆ ಮಾಡಿದ ಇನ್ನೊಂದು ಸ್ತುತಿಭಾಷಣದಲ್ಲಿ, ಹೊಸ ನೌಕಾಪಡೆ ಸಿದ್ಧವಾಗುತ್ತಿರುವುದನ್ನು ವಾಗ್ಮಿ ಸಂಭ್ರಮದಿಂದ ಬಣ್ಣಿಸುತ್ತಾನೆ. ಹಡಗು ಕಟ್ಟುವಷ್ಟು ದಿನ ಬಿಸಿಲು ಬಿದ್ದು ನದಿ ಇಳಿದಿತ್ತಂತೆ, ಹಡಗು ನೀರಿಗಿಳಿಸುವ ಹೊತ್ತಿಗೆ ಮಳೆ ಬಂದು ನದಿ ತುಂಬಿತಂತೆ. ಪ್ರಕೃತಿಯೇ ಚಕ್ರವರ್ತಿಯ ಆಳಾಗಿ ದುಡಿಯಿತೆಂಬುದು ಅವನ ಮಾತಿನ ಧಾಟಿ. ಎರಡು ವರ್ಷದ ಬಳಿಕ, ೨೯೧ರಲ್ಲಿ, ಅದೇ ಮ್ಯಾಕ್ಸಿಮಿಯನ್ ಎದುರಿನ ಭಾಷಣದಲ್ಲಿ ಆ ನೌಕಾಪಡೆಯ ಸುದ್ದಿಯೇ ಇಲ್ಲ. ದಂಡಯಾತ್ರೆ ವಿಫಲವಾಯಿತೆಂಬುದಕ್ಕೆ ಈ ಮೌನಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ. ಮುಂದೆ ೨೯೭ರ ಭಾಷಣಕಾರ ಕಡಲು ಮುನಿದಿತ್ತೆಂದು ಸಬೂಬು ಹೇಳುತ್ತಾನೆ. ಯುಟ್ರೋಪಿಯಸ್ ನೇರವಾಗಿದ್ದಾನೆ: ಯುದ್ಧದಲ್ಲಿ ನುರಿತ ಆ ಮನುಷ್ಯನ ಮೇಲೆ ಕದನಗಳನ್ನು ನಡೆಸಿ ಫಲ ಕಾಣದೆ ಕೊನೆಗೆ ಸಂಧಿ ಮಾಡಿಕೊಳ್ಳಲಾಯಿತು ಎನ್ನುತ್ತಾನೆ. ಅದು ಬರಹದ ಒಪ್ಪಂದವೋ, ಸೋತು ಸುಮ್ಮನಾದದ್ದೋ, ಅಂತೂ ಮೂರು ನಾಲ್ಕು ವರ್ಷ ಅವನನ್ನು ಯಾರೂ ಮುಟ್ಟಲಿಲ್ಲ.

ನಾಣ್ಯಗಳು ಆಡುವ ಮಾತು

ಕರೌಸಿಯಸ್ ಬರೆಸಿದ ಒಂದು ಪತ್ರವಾಗಲಿ, ಅವನ ಆಸ್ಥಾನದವರ ಒಂದು ಸಾಲಾಗಲಿ ಉಳಿದಿಲ್ಲ. ಅವನ ಪರವಾಗಿ ಮಾತಾಡುವುದು ನಾಣ್ಯಗಳು ಮಾತ್ರ, ಮತ್ತು ಅವು ಅಸಾಧಾರಣವಾಗಿ ಮಾತಾಡುತ್ತವೆ. ಆಳ್ವಿಕೆಯ ಮೊದಲ ದಿನಗಳ ನಾಣ್ಯಗಳು ಒರಟು. ಹಳೆಯ ಚಕ್ರವರ್ತಿಗಳ ನಾಣ್ಯಗಳ ಮೇಲೆಯೇ ಹೊಸ ಅಚ್ಚು ಹೊಡೆದವೂ ಇವೆ. ಬೇಗನೆ ಪರಿಸ್ಥಿತಿ ಸುಧಾರಿಸುತ್ತದೆ. ಲಂಡನ್ನಿನಲ್ಲಿ ವ್ಯವಸ್ಥಿತ ಟಂಕಸಾಲೆ ತಲೆಯೆತ್ತುತ್ತದೆ, ಬ್ರಿಟನ್ನಿನಲ್ಲಿಯೇ ಎರಡನೆಯದೊಂದು ಕೆಲಸ ಮಾಡುತ್ತದೆ, ಕಾಲುವೆಯ ಆಚೆ ಗಾಲ್‌ನ ನೆಲದಲ್ಲಿಯೂ ಅವನ ಹೆಸರಿನ ನಾಣ್ಯಗಳು ಅಚ್ಚಾಗುತ್ತವೆ. ಇವೆಲ್ಲಕ್ಕಿಂತ ಮುಖ್ಯವಾದದ್ದು ಅವನ ಬೆಳ್ಳಿ. ಆಗ ಸಾಮ್ರಾಜ್ಯದಲ್ಲೆಲ್ಲ ಓಡುತ್ತಿದ್ದ ನಾಣ್ಯ ಹೆಸರಿಗಷ್ಟೇ ಬೆಳ್ಳಿಯದು. ಶೇಕಡಾ ಐದರಷ್ಟು ಬೆಳ್ಳಿ ಬೆರೆತ ತಾಮ್ರದ ಬಿಲ್ಲೆ. ಕರೌಸಿಯಸ್ ಶೇಕಡಾ ೯೦ರ ಆಸುಪಾಸು ಶುದ್ಧವಿದ್ದ ಬೆಳ್ಳಿಯ ದಿನಾರಿಗಳನ್ನು ಹೊರತಂದ. ಡಯೋಕ್ಲೀಷಿಯನ್ ತನ್ನ ಪ್ರಸಿದ್ಧ ನಾಣ್ಯಸುಧಾರಣೆಯಲ್ಲಿ ಒಳ್ಳೆಯ ಬೆಳ್ಳಿ ನಾಣ್ಯವನ್ನು ಮರಳಿ ತಂದದ್ದು ೨೯೪ರ ಸುಮಾರಿಗೆ; ಈ ವಿಷಯದಲ್ಲಿ ಬಂಡಾಯಗಾರನೇ ಮುಂದಿದ್ದ. ಸೈನಿಕರ ಸಂಬಳ ಒಳ್ಳೆಯ ನಾಣ್ಯದಲ್ಲಿ ಕೊಡುವವನು ಸೈನಿಕರಿಗೆ ಚಕ್ರವರ್ತಿಯಾಗಿಯೇ ಕಾಣುತ್ತಾನೆ. ೨೦೧೦ರಲ್ಲಿ ಇಂಗ್ಲೆಂಡಿನ ಫ್ರೋಮ್ ಬಳಿ ಹೊಲದಲ್ಲಿ ಸಿಕ್ಕ ಒಂದೇ ಮಡಕೆಯೊಳಗೆ ೫೨,೫೦೩ ನಾಣ್ಯಗಳಿದ್ದವು. ಅವುಗಳಲ್ಲಿ ೭೫೦ಕ್ಕೂ ಹೆಚ್ಚು ಕರೌಸಿಯಸ್‌ನವು, ಅದರಲ್ಲಿ ಐದು ಈ ಬೆಳ್ಳಿಯ ದಿನಾರಿಗಳು.

ಆ ಬೆಳ್ಳಿಯ ನಾಣ್ಯಗಳ ಅಡಿಯಲ್ಲಿ, ಟಂಕಸಾಲೆಯ ಗುರುತು ಬರಬೇಕಾದ ಜಾಗದಲ್ಲಿ, ಆರ್, ಎಸ್, ಆರ್ ಎಂಬ ಮೂರು ಅಕ್ಷರಗಳಿವೆ. ಅವನ ಒಂದು ಪದಕದ ಮೇಲೆ ಐ, ಎನ್, ಪಿ, ಸಿ, ಡಿ, ಎ ಎಂಬ ಆರು ಅಕ್ಷರಗಳಿವೆ. ಬಹುಕಾಲ ಇವುಗಳ ಅರ್ಥ ಒಗಟಾಗಿತ್ತು. ೧೯೯೦ರ ದಶಕದಲ್ಲಿ ಗೈ ದ ಲಾ ಬೆಡೊಯೆರ್ ಎಂಬ ಇತಿಹಾಸಕಾರರು ಇವನ್ನು ವರ್ಜಿಲ್ ಕವಿಯ ನಾಲ್ಕನೆಯ ಗೋಪಗೀತದ ಎರಡು ಸಾಲುಗಳ ಮೊದಲಕ್ಷರಗಳೆಂದು ಗುರುತಿಸಿದರು: ಸ್ಯಾಟರ್ನನ ಸುವರ್ಣಯುಗ ಮರಳುತ್ತಿದೆ, ಹೊಸ ಸಂತತಿಯೊಂದು ಎತ್ತರದ ಆಗಸದಿಂದ ಇಳಿದುಬರುತ್ತಿದೆ ಎಂಬ ಒಂದರ ಹಿಂದೊಂದು ಬರುವ ಸಾಲುಗಳು ಅವು. ಈ ಓದು ಎಷ್ಟು ಸಮರ್ಪಕವೆಂದರೆ ಇಂದು ಬಹುಮಟ್ಟಿಗೆ ಎಲ್ಲರೂ ಅದನ್ನು ಒಪ್ಪುತ್ತಾರೆ. ಬಹುಕಾಲದಿಂದ ನಿರೀಕ್ಷಿತನಾದವನೇ ಬಾ ಎಂದು ಬ್ರಿಟನ್ ದೇವಿ ಚಕ್ರವರ್ತಿಯ ಕೈ ಹಿಡಿದು ಸ್ವಾಗತಿಸುವ ನಾಣ್ಯವೂ ವರ್ಜಿಲ್‌ನ ಮಹಾಕಾವ್ಯವನ್ನೇ ನೆನಪಿಗೆ ತರುತ್ತದೆ. ಇನ್ನೊಂದರಲ್ಲಿ ತೋಳ ರೊಮುಲಸ್ ಮತ್ತು ರೀಮಸ್‌ರಿಗೆ ಹಾಲೂಡುತ್ತಿದೆ, ಸುತ್ತ ಬರೆದಿರುವುದು ರೋಮನ್ನರ ನವೀಕರಣದ ಮಾತು. ಶತ್ರುಗಳು ಅನಾಗರಿಕನೆಂದೂ ಕಡಲ್ಗಳ್ಳರ ಒಡೆಯನೆಂದೂ ಜರಿದ ಮೆನಾಪಿ ನಾವಿಕನ ನಾಣ್ಯದಲ್ಲಿ ರೋಮ್‌ನ ಅತಿ ಗೌರವದ ಕವಿಯ ಸಾಲು! ರೋಮ್‌ನಿಂದ ದೂರ ಸರಿಯಲು ಹೊರಟವನು ಹೀಗೆ ಮಾಡುವುದಿಲ್ಲ.

ನನ್ನ ಮಟ್ಟಿಗೆ ಇಡೀ ಪ್ರಕರಣದ ಕೀಲಿ ಇರುವುದು ಇನ್ನೊಂದು ನಾಣ್ಯದಲ್ಲಿ. ಅದರ ಮುಂಬದಿಯಲ್ಲಿ ಮೂರು ಮುಖಗಳು ಒಂದರ ಪಕ್ಕ ಒಂದು, ಒಂದೇ ಕಡೆಗೆ ನೋಡುತ್ತ ನಿಂತಿವೆ: ಡಯೋಕ್ಲೀಷಿಯನ್, ಮ್ಯಾಕ್ಸಿಮಿಯನ್, ಕರೌಸಿಯಸ್. ಸುತ್ತಲಿನ ಬರಹ “ಕರೌಸಿಯಸ್ ಮತ್ತು ಅವನ ಸೋದರರು”. ಹಿಂಬದಿಯಲ್ಲಿ ಶಾಂತಿದೇವತೆ, ಅವಳ ಸುತ್ತ ಅಗಸ್ಟಸ್, ಅಂದರೆ ಹಿರಿಯ ಚಕ್ರವರ್ತಿ, ಎಂಬ ಪದವಿಯ ಸಂಕ್ಷೇಪ. ಅದರ ಕೊನೆಯ ಅಕ್ಷರವನ್ನು ಮೂರು ಸಲ ಬರೆದು ಅಗಸ್ಟಸರು ಮೂವರೆಂದು ತಿಳಿಸಲಾಗಿದೆ. ಇಷ್ಟಕ್ಕೇ ನಿಲ್ಲದೆ ಅವನ ಟಂಕಸಾಲೆಗಳು ಡಯೋಕ್ಲೀಷಿಯನ್ ಮತ್ತು ಮ್ಯಾಕ್ಸಿಮಿಯನ್‌ರ ಹೆಸರಿನಲ್ಲಿಯೂ ನಾಣ್ಯ ಹೊರಡಿಸಿದವು. ಮ್ಯಾಕ್ಸಿಮಿಯನ್ ಇವನ ತಲೆಗೆ ಆಜ್ಞೆ ಮಾಡಿದವನೆಂಬುದನ್ನು ಮರೆಯಬಾರದು. ಅಂಥವನನ್ನು ಸೋದರನೆಂದು ಕರೆಯುವುದರ ಹಿಂದೆ ಲೆಕ್ಕಾಚಾರವಿತ್ತು. ಸಾಮ್ರಾಜ್ಯವನ್ನು ಒಬ್ಬನೇ ಆಳಲಾರನೆಂದು ಡಯೋಕ್ಲೀಷಿಯನ್ ಆಗಲೇ ಒಪ್ಪಿಕೊಂಡಿದ್ದ, ಇಬ್ಬರಿಗೆ ಜಾಗವಿದ್ದರೆ ಮೂರನೆಯವನಿಗೆ ಏಕಿಲ್ಲ ಎಂಬುದು ಕರೌಸಿಯಸ್ ಮುಂದಿಟ್ಟ ವಾದ. ಆ ಕಡೆಯಿಂದ ಉತ್ತರ ಬರಲಿಲ್ಲ. ಸಾಮ್ರಾಜ್ಯದ ಯಾವ ಅಧಿಕೃತ ಟಂಕಸಾಲೆಯೂ ಕರೌಸಿಯಸ್‌ನ ಮುಖವನ್ನು ಅಚ್ಚು ಹಾಕಲಿಲ್ಲ. ೨೯೩ರಲ್ಲಿ ಡಯೋಕ್ಲೀಷಿಯನ್ ಆಳುವವರ ಸಂಖ್ಯೆಯನ್ನು ನಾಲ್ಕಕ್ಕೆ ಏರಿಸಿದಾಗ ಸೇರಿಸಿಕೊಂಡದ್ದು ಗಲೇರಿಯಸ್‌ನನ್ನೂ ಕಾನ್‌ಸ್ಟಾಂಟಿಯಸ್‌ನನ್ನೂ. ಕಾನ್‌ಸ್ಟಾಂಟಿಯಸ್‌ಗೆ ಕೊಟ್ಟ ಮೊದಲ ಕೆಲಸವೇ ಕರೌಸಿಯಸ್‌ನನ್ನು ಮುಗಿಸುವುದು.

ಈ ನಾಣ್ಯಗಳನ್ನು ಓದುವಾಗ ಎಚ್ಚರ ತಪ್ಪಿದರೆ ಏನಾಗುತ್ತದೆಂಬುದಕ್ಕೂ ಇಲ್ಲಿಯೇ ಉದಾಹರಣೆ ಇದೆ. ಹದಿನೆಂಟನೆಯ ಶತಮಾನದ ವಿಲಿಯಂ ಸ್ಟೂಕ್ಲಿ ಸವೆದ ಒಂದು ನಾಣ್ಯದಲ್ಲಿ ಅದೃಷ್ಟದೇವತೆ ಫೋರ್ಟುನಳ ಹೆಸರನ್ನು ಒರಿಯುನ ಎಂದು ಓದಿ, ಆಕೆ ಕರೌಸಿಯಸ್‌ನ ಹೆಂಡತಿಯೆಂದು ತೀರ್ಮಾನಿಸಿದರು.

ಕಲ್ಲಿನಲ್ಲಿ ಅವನ ಹೆಸರು ಬ್ರಿಟನ್ನಿನಲ್ಲಿ ಉಳಿದಿರುವುದು ಒಂದೇ ಕಡೆ. ಹೇಡ್ರಿಯನ್ ಗೋಡೆಯ ಸಮೀಪದ ಕಾರ್ಲೈಲ್ ಪಟ್ಟಣದ ಬಳಿ, ಪೆಟೆರಿಲ್ ನದಿಯಲ್ಲಿ, ೧೮೯೪ರಲ್ಲಿ ಒಂದು ಮೈಲಿಗಲ್ಲು ಸಿಕ್ಕಿತು. ಅದರ ಒಂದು ತುದಿಯಲ್ಲಿ ಅಜೇಯ ಅಗಸ್ಟಸ್ ಕರೌಸಿಯಸ್ ಎಂದು ಅವನ ಪೂರ್ಣ ಹೆಸರಿದೆ. ಅವನ ಪೂರ್ಣ ಹೆಸರು ನಮಗೆ ತಿಳಿದದ್ದು ಈ ಕಲ್ಲಿನಿಂದಲೇ. ಅವನ ಅಳಿವಿನ ನಂತರ ಯಾರೋ ಈ ಕಲ್ಲನ್ನು ಕಿತ್ತು ತಲೆಕೆಳಗು ಮಾಡಿ ನೆಟ್ಟು, ಮೇಲೆ ಬಂದ ತುದಿಯಲ್ಲಿ ಕಾನ್‌ಸ್ಟಾಂಟಿಯಸ್‌ನ ಮಗ, ಸೀಸರ್ (ಕಿರಿಯ ಚಕ್ರವರ್ತಿ) ಕಾನ್‌ಸ್ಟಂಟೈನ್‌ನ ಹೆಸರು ಕೆತ್ತಿದರು. ಕರೌಸಿಯಸ್‌ನ ಹೆಸರು ಮಣ್ಣಿನೊಳಗೆ ಹೂತುಹೋದದ್ದರಿಂದಲೇ ಅಳಿಸುವವರ ಉಳಿಗೆ ಸಿಗದೆ ಉಳಿಯಿತು. ದ್ವೀಪದ ಉತ್ತರದ ಗಡಿಯವರೆಗೆ ಅವನ ಆಳ್ವಿಕೆ ನಡೆಯುತ್ತಿತ್ತು, ರಸ್ತೆಗಳ ನಿರ್ವಹಣೆ ಅವನ ಹೆಸರಿನಲ್ಲಿ ಸಾಗುತ್ತಿತ್ತು ಎಂಬುದಕ್ಕೆ ಇದೇ ಪುರಾವೆ.

ಬುಲೋನ್ ಬಿದ್ದ ವರ್ಷ

೨೯೩ರ ಮಾರ್ಚ್ ೧ರಂದು ಸೀಸರ್ ಪದವಿಗೇರಿದ ಕಾನ್‌ಸ್ಟಾಂಟಿಯಸ್, ಮ್ಯಾಕ್ಸಿಮಿಯನ್ ಮಾಡಿದ ತಪ್ಪನ್ನು ಮಾಡಲಿಲ್ಲ. ಹಡಗುಗಳಲ್ಲಿ ಬಲಿಷ್ಠನಾದವನನ್ನು ಹಡಗುಗಳಿಂದ ಎದುರಿಸದೆ, ನೇರವಾಗಿ ಬುಲೋನಿನ ಮೇಲೆ ಭೂಮಾರ್ಗದಲ್ಲಿ ಬಂದು ಮುತ್ತಿಗೆ ಹಾಕಿದ. ಬಂದರಿನ ಬಾಯಿ ತೆರೆದಿರುವವರೆಗೆ ಮುತ್ತಿಗೆಗೆ ಅರ್ಥವಿಲ್ಲ. ಬ್ರಿಟನ್ನಿನಿಂದ ಧಾನ್ಯವೂ ಸೈನಿಕರೂ ಬರುತ್ತಲೇ ಇರುತ್ತಾರೆ. ಆದ್ದರಿಂದ ಅವನು ಬಂದರಿನ ಬಾಯಿಗೆ ಅಡ್ಡಲಾಗಿ ಮರದ ಗೂಟಗಳನ್ನು ಬಡಿಸಿ, ನಡುವೆ ಬಂಡೆಗಳನ್ನು ಮುಳುಗಿಸಿ ಒಡ್ಡು ಕಟ್ಟಿಸಿದ. ಆ ಕರಾವಳಿಯ ಉಬ್ಬರವಿಳಿತ ದಿನಕ್ಕೆರಡು ಬಾರಿ ಹಲವು ಮೀಟರು ಏರಿ ಇಳಿಯುತ್ತದೆ. ಅಂಥ ನೀರಿನಲ್ಲಿ ಒಡ್ಡು ನಿಲ್ಲಿಸುವುದು ಕಷ್ಟದ ಕೆಲಸ. ಒಡ್ಡು ನಿಂತಿತು. ಹೊರಗಿನ ಹಡಗು ಒಳಕ್ಕೆ, ಒಳಗಿನದು ಹೊರಕ್ಕೆ ಬರದಾದಾಗ ಕಾವಲುಪಡೆ ಶರಣಾಯಿತು. ಶರಣಾಗತಿಯಾಗಿ ಒಡ್ಡಿನ ಅಗತ್ಯ ಮುಗಿದ ಮೇಲೆ ಬಂದ ಮೊದಲ ಉಬ್ಬರವೇ ಅದನ್ನು ಒಡೆದುಹಾಕಿತೆಂದು ಸ್ತುತಿಭಾಷಣಕಾರ ಹೇಳುತ್ತಾನೆ. ಅದರಲ್ಲಿ ಅತಿಶಯೋಕ್ತಿ ಇರಬಹುದಾದರೂ, ಆ ಒಡ್ಡು ಎಷ್ಟು ಕೂದಲೆಳೆಯ ಅಂತರದಲ್ಲಿ ಗೆದ್ದಿತೆಂಬುದನ್ನು ಆ ಮಾತೇ ತಿಳಿಸುತ್ತದೆ.

ಬುಲೋನಿನ ಬೆಲೆ ಏನೆಂದು ಸರಿಯಾಗಿ ತಿಳಿಯದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ಆ ಬಂದರು ಕೈಯಲ್ಲಿದ್ದಷ್ಟು ದಿನ ಕಾಲುವೆಯ ಕಿರಿದಾದ ಭಾಗದ ಎರಡೂ ಕಡೆ ಕರೌಸಿಯಸ್‌ನವೇ ಆಗಿದ್ದವು; ಗಾಲ್‌ನ ವರ್ತಕರ ಹಣವೂ ಮಾಲೂ ಅವನ ಕಡೆ ಹರಿಯುತ್ತಿತ್ತು, ಫ್ರಾಂಕ್ ಮಿತ್ರರೊಡನೆ ಸಂಪರ್ಕವಿತ್ತು, ದಂಡೆತ್ತಿ ಬರುವವನಿಗೆ ನೌಕಾಪಡೆ ಕೂಡಿಹಾಕಲು ಹತ್ತಿರದ ನೆಲೆ ಸಿಗುತ್ತಿರಲಿಲ್ಲ. ಎಲ್ಲಕ್ಕಿಂತ ಮಿಗಿಲಾಗಿ, ಗಾಲ್‌ನ ನೆಲದಲ್ಲಿ ಕಾಲೂರಿ ನಿಂತವನು ಮೂರನೆಯ ಅಗಸ್ಟಸ್ ಎಂದು ಕೇಳಿಕೊಳ್ಳಬಹುದು. ಅದನ್ನು ಕಳೆದುಕೊಂಡವನು ದೂರದ ದ್ವೀಪದಲ್ಲಿ ಅವಿತ ಬಂಡಾಯಗಾರ. ಕಾನ್‌ಸ್ಟಾಂಟಿಯಸ್ ಅಲ್ಲಿಂದ ರೈನ್ ನದಿಯ ಮುಖಜಭೂಮಿಯತ್ತ ಸಾಗಿ ಅಲ್ಲಿದ್ದ ಫ್ರಾಂಕರನ್ನೂ ಸೋಲಿಸಿದ್ದರಿಂದ ಮಿತ್ರರ ದಾರಿಯೂ ಮುಚ್ಚಿತು.

ಅದೇ ೨೯೩ರಲ್ಲಿ ಕರೌಸಿಯಸ್‌ನನ್ನು ಅವನ ಆಪ್ತನೇ ಕೊಂದ. ಆ ಅಲ್ಲೆಕ್ಟಸ್ ರಾಜ್ಯದ ಹಣಕಾಸನ್ನು ನೋಡಿಕೊಳ್ಳುತ್ತಿದ್ದವನೆಂದು ವಿಕ್ಟರನ ಮಾತಿನಿಂದ ಊಹಿಸಲಾಗಿದೆ. ತನ್ನ ತಪ್ಪುಗಳಿಗೆ ಶಿಕ್ಷೆಯಾದೀತೆಂಬ ಭಯದಿಂದ ಕೊಂದನೆಂದು ವಿಕ್ಟರ್ ಬರೆಯುತ್ತಾನೆ. ಬುಲೋನ್ ಕಳೆದ ಒಡೆಯನ ಮೇಲೆ ಸೈನ್ಯದ ನಂಬಿಕೆ ಕುಸಿದಿರದಿದ್ದರೆ ಲೆಕ್ಕದ ಅಧಿಕಾರಿಯೊಬ್ಬ ಹೀಗೆ ಸಿಂಹಾಸನ ಏರುವುದು ಸಾಧ್ಯವಿತ್ತೆಂದು ನನಗನಿಸುವುದಿಲ್ಲ. ಅಲ್ಲೆಕ್ಟಸ್ ಕೈಲಾಗದವನೂ ಆಗಿರಲಿಲ್ಲ. ಲಂಡನ್ನಿನಲ್ಲಿ ಥೇಮ್ಸ್ ದಡದ ಭಾರಿ ಕಟ್ಟಡವೊಂದರ ತಳಪಾಯಕ್ಕೆ ಬಳಸಿದ ಓಕ್ ಮರಗಳ ಉಂಗುರಗಳನ್ನು ಎಣಿಸಿ ನೋಡಿದಾಗ ಅವು ೨೯೩–೨೯೪ರಲ್ಲಿ ಕಡಿದವೆಂದು ತಿಳಿಯಿತು. ಅದು ಅವನ ಅರಮನೆಯಿರಬಹುದೆಂದು ಉತ್ಖನನಕಾರರು ಭಾವಿಸಿದ್ದಾರೆ. ದಕ್ಷಿಣ ಕರಾವಳಿಯ ಪೆವೆನ್ಸಿ ಕೋಟೆಯ ತಳದ ಮರಗಳೂ ಇದೇ ಅವಧಿಯವು. ಅವನ ಕೊನೆಯ ವರ್ಷಗಳ ಚಿಕ್ಕ ನಾಣ್ಯಗಳಲ್ಲಿ ಹುಟ್ಟುಗಳ ಸಾಲಿನೊಡನೆ ಯುದ್ಧನೌಕೆ ಮೂಡಿದೆ. ಸೋದರರ ಮಾತು ಅವನ ನಾಣ್ಯಗಳಿಂದ ಮರೆಯಾಗಿದೆ, ಉಳಿದದ್ದು ಕಾಯುವ ಕೆಲಸ ಮಾತ್ರ.

ಮಂಜು ಕವಿದ ದಿನ

ಕಾನ್‌ಸ್ಟಾಂಟಿಯಸ್ ಮೂರು ವರ್ಷ ಹಡಗು ಕಟ್ಟಿಸಿದ. ೨೯೬ರಲ್ಲಿ ಪಡೆ ಎರಡಾಗಿ ಹೊರಟಿತು: ಬುಲೋನಿನಿಂದ ಅವನದು, ಸೇನ್ ನದಿಯ ಮುಖದಿಂದ, ಚಕ್ರವರ್ತಿಯ ಅಂಗರಕ್ಷಕ ದಳವಾದ ಪ್ರಿಟೋರಿಯನ್ ಪಡೆಯ ಅಧಿಪತಿ ಆಸ್ಕ್ಲೆಪಿಯೊಡೋಟಸ್‌ನದು. ಅಲ್ಲೆಕ್ಟಸ್‌ನ ನೌಕಾಪಡೆ ವೈಟ್ ದ್ವೀಪದ ಬಳಿ ಹೊಂಚು ಹಾಕಿ ಕಾದಿತ್ತು. ಕಡಲ ಮೇಲೆ ದಟ್ಟ ಮಂಜು ಇಳಿಯಿತು. ಆಸ್ಕ್ಲೆಪಿಯೊಡೋಟಸ್‌ನ ಹಡಗುಗಳು ಆ ಮಂಜಿನಲ್ಲಿ ಶತ್ರುವಿನ ಕಣ್ಣಿಗೆ ಬೀಳದೆ ದಾಟಿಹೋದವು. ದಡ ಸೇರಿದೊಡನೆ ಅವನು ತನ್ನ ಹಡಗುಗಳಿಗೆ ಬೆಂಕಿ ಇಡಿಸಿದ. ಹತ್ತು ವರ್ಷ ಬ್ರಿಟನ್ನನ್ನು ಕಾದದ್ದು ಕಡಲ ಬಲ. ಶತ್ರು ನೆಲ ಮುಟ್ಟಿದ ಕ್ಷಣ ಅದರ ಬೆಲೆ ಇಲ್ಲವಾಯಿತು.

ಅಲ್ಲೆಕ್ಟಸ್ ಕರಾವಳಿ ಬಿಟ್ಟು ಅವಸರದಲ್ಲಿ ಒಳನಾಡಿಗೆ ಧಾವಿಸಿ, ಇದ್ದ ಸೈನ್ಯವನ್ನೆಲ್ಲ ಕೂಡಿಸದೆ, ವ್ಯೂಹವನ್ನೂ ರಚಿಸದೆ, ಹಳೆಯ ಸಂಗಡಿಗರನ್ನೂ ಕೂಲಿಗೆ ಬಂದ ಫ್ರಾಂಕರನ್ನೂ ಕಟ್ಟಿಕೊಂಡು ಕಾದಿದ. ಸತ್ತವರಲ್ಲಿ ರೋಮನ್ನರೇ ಇರಲಿಲ್ಲವೆನ್ನುವಷ್ಟು ಕಡಿಮೆಯೆಂದು ವಿಜಯಿಗಳ ವಾಗ್ಮಿ ಹೆಮ್ಮೆಪಡುತ್ತಾನೆ. ಆ ಹೆಮ್ಮೆಯನ್ನು ತುಸು ತಿರುವಿ ನೋಡಿದರೆ ಬೇರೆಯೇ ಸತ್ಯವೊಂದು ಹೊರಬೀಳುತ್ತದೆ. ಬ್ರಿಟನ್ನಿನ ಲೀಜನ್ನುಗಳು ಅಲ್ಲೆಕ್ಟಸ್‌ಗಾಗಿ ಕಾದಲಿಲ್ಲ, ಅಥವಾ ಅವನು ಅವರನ್ನು ನಂಬಿ ಕರೆಯಲಿಲ್ಲ. ಜನರ ಪ್ರತ್ಯೇಕತೆಯ ಬಯಕೆಯಿಂದ ಹುಟ್ಟಿದ ರಾಜ್ಯವಾಗಿದ್ದರೆ ಅದರ ಕೊನೆಯ ಕದನವನ್ನು ಹೊರಗಿನ ಕೂಲಿಪಡೆ ಮಾತ್ರ ಮಾಡುತ್ತಿರಲಿಲ್ಲ. ರಾಜಲಾಂಛನಗಳನ್ನು ಕಿತ್ತೆಸೆದು ಓಡಿದ ಅಲ್ಲೆಕ್ಟಸ್‌ನ ಹೆಣವನ್ನು ಗುರುತಿಸುವುದೇ ಕಷ್ಟವಾಯಿತಂತೆ. ಸೋತ ಫ್ರಾಂಕರು ಲಂಡನ್ನನ್ನು ಲೂಟಿ ಮಾಡಿ ಪರಾರಿಯಾಗುವ ಯತ್ನದಲ್ಲಿದ್ದಾಗ, ಮಂಜಿನಲ್ಲಿ ದಾರಿತಪ್ಪಿದ್ದ ಕಾನ್‌ಸ್ಟಾಂಟಿಯಸ್‌ನ ಕೆಲವು ಹಡಗುಗಳು ಥೇಮ್ಸ್ ನದಿಯಲ್ಲಿ ನಗರ ಸೇರಿ ಅವರನ್ನು ಬೀದಿಗಳಲ್ಲೇ ಕೊಂದವು.

ಈ ಗೆಲುವಿಗೆ ಟ್ರಿಯರ್‌ನಲ್ಲಿ ಅಚ್ಚಾದ ಹತ್ತು ಔರಿ (ರೋಮನ್ ಚಿನ್ನದ ನಾಣ್ಯ) ತೂಕದ ಚಿನ್ನದ ಪದಕವೊಂದು ೧೯೨೨ರಲ್ಲಿ ಫ್ರಾನ್ಸಿನ ಅರ್ರಾಸ್ ಬಳಿ ಸಿಕ್ಕಿದೆ. ಕುದುರೆಯೇರಿದ ಕಾನ್‌ಸ್ಟಾಂಟಿಯಸ್, ಕೆಳಗೆ ನದಿಯಲ್ಲಿ ಹಡಗು, ನಗರದ ಬಾಗಿಲ ಮುಂದೆ ಮಂಡಿಯೂರಿ ಕೈಚಾಚಿದ ಲಂಡನ್ ನಗರಿ. ಅನಂತ ಬೆಳಕನ್ನು ಮರಳಿ ಕೊಟ್ಟವನು ಎಂಬ ಬರಹ. ಬೆಳಕು ಕೊಟ್ಟವನು ಕರೌಸಿಯಸ್ ಕಟ್ಟಿದ್ದನ್ನೆಲ್ಲ ಕೆಡವಲಿಲ್ಲ. ಲಂಡನ್ನಿನ ಟಂಕಸಾಲೆ ಹಾಗೆಯೇ ಮುಂದುವರಿದು ೩೨೫ರ ಸುಮಾರಿನವರೆಗೆ ನಡೆಯಿತು. ಬ್ರಿಟನ್ನಿನ ಎರಡು ಪ್ರಾಂತ್ಯಗಳನ್ನು ನಾಲ್ಕಾಗಿ ಒಡೆಯಲಾಯಿತು. ಒಬ್ಬನೇ ಅಧಿಕಾರಿಯ ಕೈಯಲ್ಲಿ ಇಡೀ ದ್ವೀಪ ಸಿಗದಂತೆ ಮಾಡುವ ಸಾಮ್ರಾಜ್ಯದ ಹೊಸ ವ್ಯವಸ್ಥೆ ಇಲ್ಲಿಗೂ ಬಂತು. ಬ್ರಿಟನ್ನಿನಲ್ಲಿ ಹೇರಳವಾಗಿದ್ದ ಕುಶಲಕರ್ಮಿಗಳನ್ನು ಗಾಲ್‌ನ ಓಟನ್ ನಗರದ ಮನೆ ಗುಡಿಗಳನ್ನು ಕಟ್ಟಲು ಕರೆದೊಯ್ಯಲಾಯಿತೆಂದು ಅದೇ ಸ್ತುತಿಭಾಷಣ ತಿಳಿಸುತ್ತದೆ. ಆ ಹತ್ತು ವರ್ಷ ದ್ವೀಪ ಬಡವಾಗಿರಲಿಲ್ಲವೆಂಬುದನ್ನು ವಿಜಯಿಗಳೇ ಹೀಗೆ ಒಪ್ಪಿಕೊಂಡಂತಾಯಿತು.

ಹತ್ತು ವರ್ಷಗಳ ಮೇಲೆ, ೩೦೬ರ ಜುಲೈ ೨೫ರಂದು, ಕಾನ್‌ಸ್ಟಾಂಟಿಯಸ್ ಯಾರ್ಕ್‌ನಲ್ಲಿ ತೀರಿಕೊಂಡಾಗ ಅಲ್ಲಿನ ಸೈನ್ಯ ಅವನ ಮಗ ಕಾನ್‌ಸ್ಟಂಟೈನ್‌ನನ್ನು ಅಗಸ್ಟಸ್ ಎಂದು ಕೂಗಿತು. ನಿಯಮದ ಪ್ರಕಾರ ಅದೂ ಬಂಡಾಯವೇ. ಆದರೆ ಕಾನ್‌ಸ್ಟಂಟೈನ್‌ನ ಹಿಂದೆ ಬ್ರಿಟನ್ನಿನ ಜೊತೆಗೆ ಗಾಲ್ ಇಡಿಯಾಗಿ ಇತ್ತು, ಬುಲೋನ್ ಇತ್ತು, ರೈನ್ ಗಡಿಯ ಲೀಜನ್ನುಗಳಿದ್ದವು, ತಂದೆಯ ಹೆಸರಿತ್ತು. ಅವನು ತನ್ನ ಚಿತ್ರವನ್ನು ಹಿರಿಯ ಚಕ್ರವರ್ತಿ ಗಲೇರಿಯಸ್‌ಗೆ ಕಳುಹಿಸಿ ಮಾನ್ಯತೆ ಕೇಳಿದ. ಗಲೇರಿಯಸ್ ಮನಸ್ಸಿಲ್ಲದ ಮನಸ್ಸಿನಿಂದ, ಅಗಸ್ಟಸ್ ಪದವಿಯನ್ನು ತಡೆಹಿಡಿದು, ಸೀಸರ್ ಪದವಿಯನ್ನು ಕೊಟ್ಟು ಒಪ್ಪಿಕೊಂಡ.